ಅಪ್ಪ ಓದಿದ ಕಾಗದ

ಅಗಾರಿಬಾರು, ದಕ್ಷಿಣ ಒಕಿನಾವಾ
ಸೆಪ್ಟೆಂಬರ್ 3, 1944

ತೊಯೊ ಮಗಳೇ,

ಯುದ್ಧ ಇಲ್ಲಿಗೂ ಬಂದೀತೆಂದು ದೂರ ಕಳಿಸಿದ ನೀವು ಮಕ್ಕಳೆಲ್ಲ ಕ್ಯೂಶೂ ತಲುಪಿದಿರೆಂದು ಶಾಲೆಗೆ ತಂತಿ ಬಂದಿದೆ. ಹೆಡ್‌ಮಾಸ್ತರರು ಅದನ್ನು ಓದುತ್ತಿದ್ದಂತೆ ನಿನ್ನ ಅಮ್ಮ ಶಾಲೆಯ ಅಂಗಳದಲ್ಲೇ ಕುಸಿದು ಕುಳಿತಳು. ಮನೆಗೆ ಬಂದ ಮೇಲೆ, "ನಂಗೇನೂ ಹೆದ್ರಿಕೆ ಇರ್ಲಿಲ್ಲಪ್ಪ, ಬಿಸಿಲಿಗೆ ತಲೆ ಸುತ್ತು ಬಂತು ಅಷ್ಟೆ" ಎಂದಳು. ನೀನು ಹಡಗು ಹತ್ತಿದ ದಿನದಿಂದ ಸರಿಯಾಗಿ ಉಣ್ಣದವಳು ಆ ಸಂಜೆ ನನ್ನ ಪಾಲಿನ ಗೆಣಸನ್ನೂ ತಿಂದು ಮುಗಿಸಿದಳು.

ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಹಾಗಾಗಿ ಈ ಕಾಗದ ಮೂರು ಜನರದ್ದು. ನಾನು ಒಂದು ಸಾಲು ಬರೆದರೆ ಬೆನ್ನ ಹಿಂದೆ ನಿಂತವರು ಹತ್ತು ಸಾಲು ಹೇಳುತ್ತಾರೆ. "ರೀ, ಅವ್ಳು ಏನ್ ತಿಂತಾಳೆ ಕೇಳಿ. ಬೆಳಗ್ಗೆ ಏನು, ರಾತ್ರಿ ಏನು, ಎಲ್ಲಾ ಬರಿ ಅನ್ನಿ" ಎನ್ನುತ್ತಾಳೆ ಅಮ್ಮ. ಅಜ್ಜಿಯದ್ದು ಬೇರೆ ಚಿಂತೆ. "ಆ ಕಡೆ ನೀರಿಗೆ ಕೂದ್ಲು ಉದುರ್ತದಂತೆ ಕಣೋ. ಬೋಳು ತಲೆ ಹುಡ್ಗೀನ ಯಾರು ಕಟ್ಕೋತಾರೆ? ಎಣ್ಣೆ ಹಚ್ಕೋ ಅಂತ ಬರಿ." ನಿನ್ನ ತಮ್ಮ ಯೋಶಿ ಒಂದು ಜೀರುಂಡೆ ಹಿಡಿದು ತಂದಿದ್ದಾನೆ, ಕಾಗದದೊಳಗಿಟ್ಟು ಕಳಿಸಬೇಕಂತೆ. ನಾಲ್ಕು ವರ್ಷದವನಿಗೆ ಏನು ಹೇಳಲಿ? ಇಟ್ಟಂತೆ ಮಾಡಿ ಕಿಟಕಿಯಿಂದ ಹಾರಿಬಿಟ್ಟೆ.

ಮುಂದಿನ ಕೋಣೆಯಲ್ಲಿ ಈಗ ಜಪಾನಿನ ದೊಡ್ಡ ದ್ವೀಪಗಳಿಂದ ಬಂದ ಆರು ಜನ ಸೈನಿಕರು ಇಳಿದುಕೊಂಡಿದ್ದಾರೆ. ನಾವು ಹಗಲಿಡೀ ಅವರಿಗಾಗಿ ಗುಡ್ಡದಲ್ಲಿ ಸುರಂಗ ಅಗೆಯುತ್ತೇವೆ. ಒಳ್ಳೆಯ ಹುಡುಗರೇ. ಆದರೆ ಅಜ್ಜಿ ನಮ್ಮ ದ್ವೀಪದ ಮಾತಿನಲ್ಲಿ ಉಪಚಾರ ಮಾಡಿದರೆ ಗಾಬರಿಯಿಂದ ನನ್ನ ಮುಖ ನೋಡುತ್ತಾರೆ.

ಹೊಸ ಊರೆಂದು ಅಳಬೇಡ. ಹವಾಯಿಗೆ ಕಬ್ಬು ಕಡಿಯಲು ಹೋದಾಗ ನಾನೂ ಅತ್ತಿದ್ದೆ. ಮೊದಲನೆಯ ವಾರ ಅಳು, ಎರಡನೆಯ ವಾರ ಹಸಿವು, ಮೂರನೆಯ ವಾರ ಗೆಳೆಯರು. ಒಂಬತ್ತು ವರ್ಷ ಕಳೆದದ್ದೇ ತಿಳಿಯಲಿಲ್ಲ. ನಿನ್ನದು ಒಂಬತ್ತು ತಿಂಗಳೂ ಆಗಲಾರದು.

ಮೂವರ ಪರವಾಗಿ,
ನಿನ್ನ ಅಪ್ಪ
ಗೀಮಾ ಕಾಮೆಸುಕೆ


ಕ್ಯೂಶೂ
ಅಕ್ಟೋಬರ್ 1, 1944

ಅಪ್ಪ, ಅಮ್ಮ, ಅಜ್ಜಿಗೆ ತೊಯೊ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಾವು ಬಿಸಿನೀರಿನ ಬುಗ್ಗೆಯ ಹತ್ತಿರದ ಒಂದು ಛತ್ರದಲ್ಲಿದ್ದೇವೆ. ಹೊರಟಾಗ ಮೂರು ಹಡಗು ಇದ್ದವು. ಅದರ ವಿಷಯ ಬರೆಯಬಾರದೆಂದು ಮೇಷ್ಟ್ರು ಹೇಳಿದ್ದಾರೆ. ನಮ್ಮ ಹಡಗು ತಲುಪಿತು.

ಬೆಳಗ್ಗೆ ಗಂಜಿ, ಮಧ್ಯಾಹ್ನ ಕುಂಬಳಕಾಯಿ, ರಾತ್ರಿ ಗಂಜಿ. ಗಂಜಿಯಲ್ಲಿ ಅಕ್ಕಿ ಎಣಿಸಬಹುದು. ಇದನ್ನು ಅಮ್ಮನಿಗೆ ಓದಬೇಡಿ. ಅಮ್ಮನಿಗೆ ಮೀನು ತಿನ್ನುತ್ತಿದ್ದಾಳೆ ಎಂದು ಓದಿ.

ಅಪ್ಪ, ಒಂದು ಮಾತು. ಮನೆಯಿಂದ ಬಂದ ಕಾಗದಗಳನ್ನು ಮೇಷ್ಟ್ರು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ನಿಮ್ಮದನ್ನೂ ಓದಿದರು. ಹವಾಯಿ ಎಂದ ಕೂಡಲೇ ಈ ಊರಿನ ಹುಡುಗರೆಲ್ಲ, "ಏ ತೊಯೊ, ನಿಮ್ಮಪ್ಪ ಅಮೆರಿಕದೋನಾ? ಬಾಂಬ್ ಹಾಕೋಕೆ ನಿಮ್ಮ ಚಿಕ್ಕಪ್ಪನೇ ಬರ್ತಾನಾ?" ಎಂದು ಕುಣಿದರು. ನಾನು ಒಬ್ಬನ ಮುಖಕ್ಕೆ ಹಲಗೆಯಿಂದ ಹೊಡೆದೆ. ಮೇಷ್ಟ್ರು ನನ್ನನ್ನೇ ಹೊರಗೆ ನಿಲ್ಲಿಸಿದರು.

ದಯವಿಟ್ಟು ಇನ್ನು ಆ ಊರಿನ ಹೆಸರು ಬರೆಯಬೇಡಿ. ನೀವು ಅಲ್ಲಿಗೆ ಹೋಗಿದ್ದಿರೆಂದು ನನಗೆ ನಾಚಿಕೆಯಾಗುತ್ತದೆ.

ನಿಮ್ಮ ಮಗಳು
ತೊಯೊ


ಅಗಾರಿಬಾರು
ನವೆಂಬರ್ 12, 1944

ತೊಯೊ,

ನಾಹಾ ಪಟ್ಟಣ ಈಗಿಲ್ಲ. ಕಳೆದ ತಿಂಗಳು ಹತ್ತನೇ ತಾರೀಕು ಬೆಳಗಿನಿಂದ ಸಂಜೆಯವರೆಗೆ ಆಕಾಶದಿಂದ ಬೆಂಕಿ ಬಿತ್ತು. ನಮ್ಮೂರು ಉಳಿದಿದೆ. ನಾವು ನಾಲ್ವರೂ ಉಳಿದಿದ್ದೇವೆ. ಕುದುರೆಯನ್ನು ಮಾತ್ರ ಸೈನ್ಯದವರು ಒಯ್ದರು. ಗಾಡಿ ಹೊಡೆಯುವವನಿಗೆ ಈಗ ಗಾಡಿ ಎಳೆಯುವ ಕೆಲಸ.

ಅಮ್ಮನಿಗೆ ಮೀನು ಎಂದೇ ಓದಿದೆ. "ಯಾವ ಮೀನು?" ಎಂದು ಕೇಳಿದಳು. ಬಂಗಡೆ ಎಂದೆ. "ಸುಟ್ಟಿದ್ದೋ ಬೇಯ್ಸಿದ್ದೋ?" ಎಂದಳು. ಇವಳ ಮುಂದೆ ಸುಳ್ಳು ಹೇಳುವವನಿಗೆ ಅಡುಗೆಯೂ ಬರಬೇಕು.

ಹೋದ ವಾರ ಒಬ್ಬ ಅಧಿಕಾರಿ ನಮ್ಮ ಮನೆತನದ ಗೋರಿ ನೋಡಲು ಬಂದಿದ್ದ. ಆಮೆಬೆನ್ನಿನಂತೆ ಗಟ್ಟಿಯಾಗಿದೆ, ಒಳಗೆ ಕೋಣೆಯಷ್ಟು ಜಾಗವಿದೆ, ತೋಪು ಇಡಬಹುದು, ಹಿರಿಯರ ಎಲುಬಿನ ಜಾಡಿಗಳನ್ನು ಹೊರಗೆ ತೆಗೆಯಿರಿ ಎಂದ. ನಿನ್ನ ಅಜ್ಜಿ ಗೋರಿಯ ಬಾಗಿಲಿಗೆ ಅಡ್ಡ ಕುಳಿತು, ಹಚ್ಚೆ ಹಾಕಿದ ಎರಡೂ ಕೈಗಳನ್ನು ಚಾಚಿ, ಅವನ ಏಳು ತಲೆಮಾರನ್ನು ನಮ್ಮ ಮಾತಿನಲ್ಲಿ ಬೈದಳು. "ಮುದುಕಿ ಏನಂತಾಳೆ?" ಎಂದು ಅವನು ನನ್ನನ್ನು ಕೇಳಿದ. "ತಮಗೆ ಸ್ವಾಗತ ಅಂತಾಳೆ ಸ್ವಾಮಿ. ಒಳಗೆ ಮಳೆನೀರು ಸೋರುತ್ತೆ, ತಮ್ಮ ಮದ್ದು ಒದ್ದೆಯಾದೀತು ಅಂತ ಅವಳಿಗೆ ಸಂಕಟ" ಎಂದೆ. ಅವನು ಅಜ್ಜಿಗೆ ವಂದಿಸಿ ಪಕ್ಕದವರ ಗೋರಿಗೆ ಹೋದ.

ನಾಚಿಕೆಯಾಗುತ್ತದೆ ಎಂದು ಬರೆದಿದ್ದೀಯೆ. ಸರಿ. ಹೆಸರು ಬರೆಯುವುದಿಲ್ಲ, 'ಆ ಊರು' ಎನ್ನುತ್ತೇನೆ. ಆ ಊರಿನಲ್ಲಿ ನನಗೆ ಜ್ವರ ಬಂದಾಗ ನಮ್ಮ ಮೇಸ್ತ್ರಿಯ ಹೆಂಡತಿ, ಕೆಂಪು ಕೂದಲಿನ ಹೆಂಗಸು, ಎಂಟು ದಿನ ಗಂಜಿಯಂಥದ್ದು ಕಾಯಿಸಿ ತಂದಿದ್ದಳು. ಉಪ್ಪೇ ಇರುತ್ತಿರಲಿಲ್ಲ. ಆದರೂ ಅದನ್ನು ಕುಡಿದೇ ಬದುಕಿದೆ, ಬದುಕಿದ್ದರಿಂದಲೇ ನೀನು ಹುಟ್ಟಿದ್ದು. ಇಷ್ಟು ನಿನಗೆ ತಿಳಿದಿರಲಿ.

ಇದನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆದೆ, ಅಮ್ಮ ಬೆನ್ನ ಹಿಂದಿನಿಂದ ಬೈಯುತ್ತಿದ್ದಾಳೆ. "ಅದ್ನೆಲ್ಲಾ ಯಾಕ್ರೀ ಬರೀತೀರಾ, ಮತ್ತೆ ಮಗೂನ ಹೊರಗೆ ನಿಲ್ಲಿಸ್ಲಿ ಅಂತಾನಾ?" ಹಾಗಾಗಿ ಈ ಕಾಗದವನ್ನು ಅಂಚೆಗೆ ಹಾಕದೆ, ಆ ಕಡೆ ಹೊರಟ ದೋಣಿಯವನ ಕೈಯಲ್ಲಿ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು.

ಅಪ್ಪ


ಅಗಾರಿಬಾರು
ಜನವರಿ 29, 1945

ತೊಯೊ ಮಗಳೇ,

ಮೂರು ತಿಂಗಳಿಂದ ನಿನ್ನ ಅಕ್ಷರ ಕಂಡಿಲ್ಲ. ಕೋಪವೋ, ಅಂಚೆಯ ಹಣೆಬರಹವೋ ತಿಳಿಯದು. ಅಂಚೆಯೇ ಎಂದು ಅಮ್ಮನಿಗೆ ಹೇಳಿದ್ದೇನೆ.

ನಲವತ್ನಾಲ್ಕನೆಯ ವಯಸ್ಸಿನಲ್ಲಿ ನಿನ್ನ ಅಪ್ಪ ಊರುಕಾವಲು ಪಡೆಗೆ ಸೇರಿದ್ದಾನೆ. ಕೋವಿ ಸಾಲದ್ದರಿಂದ ಬಿದಿರಿನ ಈಟಿ ಕೊಟ್ಟಿದ್ದಾರೆ. ಅಜ್ಜಿ ಅದನ್ನು ನೋಡಿ, "ಇದ್ರಲ್ಲಿ ಹಾಗಲಬಳ್ಳಿಗೆ ಚಪ್ಪರ ಹಾಕ್ಬೋದಿತ್ತು" ಎಂದಳು.

ನಿನಗೆ ಒಂದು ಸೇರು ಕರಿಬೆಲ್ಲವನ್ನೂ, ಅಮ್ಮ ತನ್ನ ಮದುವೆಯ ನಿಲುವಂಗಿ ಕತ್ತರಿಸಿ ಹೊಲಿದ ಒಳಅಂಗಿಯನ್ನೂ ಕಳಿಸಿದ್ದೇವೆ. ಅಲ್ಲಿ ಹಿಮ ಬೀಳುತ್ತದಂತೆ. ಹಾಕಿಕೋ, ಬಣ್ಣ ನೋಡಿ ನಾಚಬೇಡ.

ಇನ್ನೊಂದು ಕಾಗದ ತಲುಪೀತೋ ಇಲ್ಲವೋ. ಒಮ್ಮೆ ನಿನ್ನ ಮನಸ್ಸಿನಲ್ಲಿರುವುದನ್ನು ಬರಿ. ಬೈಯಬೇಕಿದ್ದರೆ ಬೈ.

ಅಪ್ಪ


ಕ್ಯೂಶೂ
ಫೆಬ್ರವರಿ 18, 1945

ಪೂಜ್ಯ ತಂದೆಯವರಿಗೆ,

ಶತ್ರು ನಮ್ಮ ದ್ವೀಪವನ್ನು ಸಮೀಪಿಸುತ್ತಿದ್ದಾನೆಂದು ತಿಳಿಯಿತು. ಚಕ್ರವರ್ತಿಗಳ ಪ್ರಜೆಗಳಾಗಿ ಹುಟ್ಟಿದ್ದು ನಮ್ಮ ಭಾಗ್ಯ. ತಾವೂ, ತಾಯಿಯವರೂ, ಅಜ್ಜಿಯವರೂ, ತಮ್ಮನೂ ಕೊನೆಯ ಉಸಿರಿನ ತನಕ ಹೋರಾಡಬೇಕು. ಜೀವಂತವಾಗಿ ಸೆರೆಸಿಕ್ಕುವ ಅಪಮಾನವನ್ನು ಮನೆತನಕ್ಕೆ ತರಬಾರದು. ಅಂಥ ಗಳಿಗೆ ಬಂದಾಗ ಎಲ್ಲರೂ ನಗುನಗುತ್ತ ಪ್ರಾಣ ಬಿಡಿ. ತಮ್ಮ ವೀರಮರಣದ ಸುದ್ದಿ ಬಂದರೆ ನಾನು ಅಳುವುದಿಲ್ಲ, ಹೆಮ್ಮೆಪಡುತ್ತೇನೆ.

ಬೆಲ್ಲ ಇನ್ನೂ ಬಂದಿಲ್ಲ.

ತಮ್ಮ ಪುತ್ರಿ
ಗೀಮಾ ತೊಯೊ
ಆರನೆಯ ತರಗತಿ


ಕ್ಯೂಶೂ
ನವೆಂಬರ್ 4, 1945

ಅಪ್ಪ,

ಒಕಿನಾವಾಕ್ಕೆ ಅಂಚೆ ಇಲ್ಲವೆಂದು ಪೋಸ್ಟಾಫೀಸಿನವರು ಇದನ್ನು ತೆಗೆದುಕೊಳ್ಳುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಜೂನ್ ಕೊನೆಯಲ್ಲಿ ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ದ್ವೀಪದ ದಕ್ಷಿಣದ ತುದಿಯಲ್ಲಿ ಕೊನೆಯವರೆಗೂ ಕಾದಾಡಿ ಎಲ್ಲ ಮುಗಿಯಿತು ಎಂದು ಹೇಳಿದರು. ದಕ್ಷಿಣದ ತುದಿ ಎಂದರೆ ನಮ್ಮ ಊರು. ನಾನು ಅಳಲಿಲ್ಲ. ಅಳುವುದಿಲ್ಲ ಎಂದು ಬರೆದುಕೊಟ್ಟಿದ್ದೆನಲ್ಲ.

ಆಗಸ್ಟಿನಲ್ಲಿ ಚಕ್ರವರ್ತಿಗಳೇ ರೇಡಿಯೋದಲ್ಲಿ ಯುದ್ಧ ಸಾಕು ಎಂದರು. ಮರುತಿಂಗಳು ಮೇಷ್ಟ್ರು ಪುಸ್ತಕದ ಕೆಲವು ಸಾಲುಗಳಿಗೆ ಮಸಿ ಬಳಿಯಲು ಹೇಳಿದರು. ನಾನು ಎದ್ದುನಿಂತು, "ಸರ್, ನಾವು ಮನೆಗೆ ಬರೆದ ಕಾಗದಕ್ಕೆ ಏನು ಮಾಡೋದು?" ಎಂದು ಕೇಳಿದೆ. "ಯಾವ ಕಾಗದಮ್ಮಾ?" ಎಂದರು. ಅವರಿಗೆ ನೆನಪೇ ಇರಲಿಲ್ಲ.

ಅಪ್ಪ, ಅದನ್ನು ಅವರು ಕರಿಹಲಗೆಯ ಮೇಲೆ ಬರೆದರು, ನಾವೆಲ್ಲ ನೋಡಿ ಬರೆದೆವು. ನೋಡಿ ಬರೆದೆನೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಾನು ಇಷ್ಟಪಟ್ಟು ಬರೆದೆ. ಇಡೀ ತರಗತಿಯಲ್ಲಿ ನನ್ನ ಅಕ್ಷರವೇ ದುಂಡಗಿದೆಯೆಂದು ಮೇಷ್ಟ್ರು ಎತ್ತಿ ತೋರಿಸಿದಾಗ ಹಿಗ್ಗಿದೆ. ಅಮೆರಿಕದವನ ಮಗಳೆಂದು ಆಡಿಕೊಂಡ ಹುಡುಗರೂ ಅಂದು ಚಪ್ಪಾಳೆ ತಟ್ಟಿದರು.

ಆ ಕಾಗದ ನಿಮಗೆ ತಲುಪಿತೇ? ದಾರಿಯಲ್ಲೇ ಸಮುದ್ರಕ್ಕೆ ಬಿದ್ದಿರಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ತಲುಪಿದ್ದರೆ ನೀವು ಅದನ್ನು ಅಮ್ಮನಿಗೆ ಓದಿರುತ್ತೀರಿ. ಅಮ್ಮ ನಾನು ಹೇಳಿದ್ದನ್ನು ಯಾವತ್ತೂ ತೆಗೆದುಹಾಕಿದವಳಲ್ಲ.

ತೊಯೊ


ನಿರಾಶ್ರಿತರ ಶಿಬಿರ, ಒಕಿನಾವಾ
ಜೂನ್ 9, 1946

ತೊಯೊ, ನನ್ನ ಕಂದಾ,

ನೀನು ಬದುಕಿದ್ದೀಯೆಂದು ಸ್ಥಳಾಂತರಗೊಂಡ ಮಕ್ಕಳ ಪಟ್ಟಿ ಓದಿ ಹೇಳಿದಾಗ ತಿಳಿಯಿತು. ನಾನೂ ಬದುಕಿದ್ದೇನೆ. ಅಜ್ಜಿ ಬದುಕಿದ್ದಾಳೆ. ಯೋಶಿ ಬದುಕಿದ್ದಾನೆ. ನಿನ್ನ ಅಪ್ಪ ಇಲ್ಲ.

ಮೊದಲಿಗೇ ಹೇಳಿಬಿಡಿ ಎಂದು ಮೇಷ್ಟ್ರಿಗೆ ನಾನೇ ಹೇಳಿದೆ. ಇದನ್ನು ಬರೆಯುತ್ತಿರುವವರು ಚಿನೆನ್ ಮೇಷ್ಟ್ರು, ಪಕ್ಕದ ಡೇರೆಯವರು. ಇಲ್ಲಿ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ಕಲಿಸುತ್ತಾರೆ. ಸೆರೆಯಿಂದ ಬಿಡುಗಡೆಯಾಗಿ ಕ್ಯೂಶೂವಿಗೆ ಹೊರಟ ನಮ್ಮ ಸೈನಿಕನೊಬ್ಬನ ಕೈಯಲ್ಲಿ ಕಳಿಸುತ್ತೇವೆ.

ಕಳೆದ ವರ್ಷ ಮೇ ಕೊನೆಗೆ ನಮ್ಮ ಸೈನ್ಯ ಶೂರಿಯ ಕೋಟೆ ಬಿಟ್ಟು ನಮ್ಮ ಕಡೆಗೇ ಬಂತು. ಹಿಂದೆ ಸಮುದ್ರ, ಮುಂದೆ ಶತ್ರು. ಹೋಗಲು ಜಾಗವಿರಲಿಲ್ಲ, ಆದರೂ ಕೊನೆಯ ಒಬ್ಬನಿರುವ ತನಕ ಕಾದುತ್ತೇವೆ ಎಂದರು. ಗವಿಗಳಲ್ಲಿದ್ದ ಜನರನ್ನು ಎಬ್ಬಿಸಿ ತಾವು ಕುಳಿತರು. ನಾವು ಮೂವರು ನಮ್ಮ ಗೋರಿಯೊಳಗೆ ಸೇರಿ, ಬಾಗಿಲಿಗೆ ಕಲ್ಲು ಎಳೆದುಕೊಂಡು, ಹಿರಿಯರ ಜಾಡಿಗಳ ನಡುವೆ ಇದ್ದೆವು. "ಇಷ್ಟು ದಿನ ವರ್ಷಕ್ಕೊಮ್ಮೆ ಬಂದು ಇವ್ರ ಮುಂದೆ ಉಣ್ತಿದ್ವಿ. ಈಗ ಇವ್ರ ಮನೇಲೇ ಬಿಡಾರ" ಎಂದಳು ಅಜ್ಜಿ. ಹೊರಗೆ ಮಳೆಯೂ ಗುಂಡೂ ಒಂದೇ ಸಮ ಸುರಿಯುತ್ತಿದ್ದವು.

ಜೂನ್ ನಡುವಿಗೆ ಅಪ್ಪ ಕುಂಟುತ್ತ ಬಂದರು. ಪಾದಕ್ಕೆ ಚೂರು ಹೊಕ್ಕಿತ್ತು. ಸೊಂಟದಲ್ಲಿ ಎರಡು ಕೈಬಾಂಬು. ಕಾವಲುಪಡೆಯವರಿಗೆಲ್ಲ ಎರಡೆರಡು ಕೊಟ್ಟಿದ್ದರಂತೆ, ಒಂದು ಶತ್ರುವಿಗೆ, ಒಂದು ತಮಗೆ. ಇನ್ನೊಂದು ಪಕ್ಕದ ಗೋರಿಯಲ್ಲಿದ್ದವರು ಹಿಂದಿನ ದಿನವೇ ಹಾಗೆ ಮುಗಿಸಿಕೊಂಡಿದ್ದರು. ಸದ್ದು ನಮಗೂ ಕೇಳಿತ್ತು.

ಅಮೆರಿಕದವರು ಕೆಳಗಿನ ಕಬ್ಬಿನ ಗದ್ದೆಯವರೆಗೆ ಬಂದಿದ್ದರು. ಸಿಕ್ಕಿಬಿದ್ದರೆ ಹೆಂಗಸರನ್ನು ಏನು ಮಾಡುತ್ತಾರೆಂದು ಸೈನಿಕರು ನಮಗೆ ವರ್ಷವಿಡೀ ಹೇಳಿದ್ದರಲ್ಲ. ನಾನು ಯೋಶಿಯ ತಲೆ ಬಾಚಿದೆ. ಅಜ್ಜಿ, "ತಗೋ ಮಗಾ, ಎಲ್ಲಾ ಒಟ್ಟಿಗೆ ಹೋಗ್ಬಿಡೋಣ. ನಿಮ್ಮಪ್ಪನೂ ಇಲ್ಲೇ ಜಾಡೀಲಿದ್ದಾನೆ" ಎಂದಳು. ನಾನೂ ಒಪ್ಪಿದ್ದೆ. ನಿನಗೆ ಸುಳ್ಳು ಹೇಳುವುದಿಲ್ಲ, ತೊಯೊ, ನಾನೂ ಒಪ್ಪಿದ್ದೆ.

ಅಪ್ಪ ಬಾಂಬುಗಳನ್ನು ಬಿಚ್ಚಿ ನೆಲಕ್ಕಿಟ್ಟರು. ಆಮೇಲೆ, "ತಡೀರಿ. ತೊಯೊ ಏನು ಬರ್ದಿದ್ದಾಳೆ ಅಂತ ಕೇಳಿ, ಆಮೇಲೆ ನೋಡೋಣ" ಎಂದು ಅಂಗಿಯೊಳಗಿನಿಂದ ನಿನ್ನ ಕಾಗದ ತೆಗೆದರು. ಅದು ಮಾರ್ಚಿನಲ್ಲೇ ಬಂದಿತ್ತು. ತಾವು ಹಿತ್ತಲಿಗೆ ಹೋಗಿ ಓದಿಕೊಂಡು ಬಂದು, "ಚೆನ್ನಾಗಿದ್ದಾಳಂತೆ" ಎಂದಷ್ಟೇ ಹೇಳಿ ಇಟ್ಟುಕೊಂಡಿದ್ದರು. ಅಂದು ಗೋರಿಯಲ್ಲಿ ಅದನ್ನು ಪೂರ್ತಿ ಓದಿದರು.

ಅದರ ಒಂದೊಂದು ಮಾತೂ ನನಗೆ ಬಾಯಿಪಾಠ. "ಅಮ್ಮಾ, ಯಾರು ಏನೇ ಹೇಳಿದರೂ ಸಾಯಬೇಡ. ಸತ್ತರೆ ನಾನು ಬಂದಾಗ ಯಾರಿಗೆ ಬಾಗಿಲು ತೆರೆ ಎನ್ನಲಿ? ಯೋಶಿಗೆ ಅಕ್ಷರ ಕಲಿಸುವವಳು ನಾನು, ಅವನನ್ನು ನನಗಾಗಿ ಇಟ್ಟಿರು. ಅಜ್ಜಿ, ನನ್ನ ಕೂದಲು ಉದುರಿಲ್ಲ, ಬಂದು ನಿನ್ನ ಹತ್ತಿರವೇ ಎಣ್ಣೆ ಹಚ್ಚಿಸಿಕೊಳ್ಳುತ್ತೇನೆ. ಅಪ್ಪ, ನಿಮಗೆ ಅವರ ಮಾತು ಬರುತ್ತದೆ. ಹೊರಗೆ ಹೋಗಿ ಮಾತಾಡಿ. ನೀವು ಹವಾಯಿಯಲ್ಲಿದ್ದಿರೆಂದು ನನಗೆ ಈಗ ನಾಚಿಕೆಯಿಲ್ಲ."

ಅಜ್ಜಿ ಗೊಳೋ ಎಂದು ಅತ್ತಳು. "ಮಗು ಬೇಡ ಅಂದ್ಮೇಲೆ ಮುಗೀತು" ಎಂದಳು.

ಮರುದಿನ ಬೆಳಗ್ಗೆ ನನ್ನ ಬಿಳಿಯ ಒಳಬಟ್ಟೆಯನ್ನು ಬಿದಿರಿಗೆ ಕಟ್ಟಿಕೊಂಡು ಅಪ್ಪ ಮುಂದೆ ಹೋದರು. ಎರಡೂ ಬಾಂಬನ್ನು ಒಳಗೇ ಬಿಟ್ಟಿದ್ದರು. ಅಮೆರಿಕದವರ ಮಾತಿನಲ್ಲಿ ಏನೋ ಕೂಗಿ ಹೇಳಿದರು. ಗದ್ದೆಯಲ್ಲಿದ್ದವರು ಕೋವಿ ಇಳಿಸಿದರು, ಅವರಲ್ಲೊಬ್ಬ ನಕ್ಕ ಕೂಡ. ಅಪ್ಪ ತಿರುಗಿ ನಮ್ಮನ್ನು ಬನ್ನಿ ಎಂದು ಕರೆದರು. ಆಗ ಗುಂಡು ಬಿತ್ತು. ಅದು ಗದ್ದೆಯ ಕಡೆಯಿಂದ ಬರಲಿಲ್ಲ, ನಮ್ಮ ಸೈನ್ಯಕ್ಕೆ ನಾವೇ ಅಗೆದುಕೊಟ್ಟ ಮೇಲಿನ ಗುಡ್ಡದ ಕಡೆಯಿಂದ ಬಂತು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ಮೇಷ್ಟ್ರೂ ಬರೆಯುವುದಿಲ್ಲ.

ನಾನು ಯೋಶಿಯನ್ನೂ ಅಜ್ಜಿಯನ್ನೂ ಎಳೆದುಕೊಂಡು ಅವರನ್ನು ದಾಟಿಯೇ ಓಡಬೇಕಾಯಿತು. ಓಡುವ ಮೊದಲು ಅವರ ಅಂಗಿಯಿಂದ ನಿನ್ನ ಕಾಗದ ತೆಗೆದುಕೊಂಡೆ.

ನಾನು ಈಗ ಸಿಪಾಯಿಗಳ ಬಟ್ಟೆ ಒಗೆಯುತ್ತೇನೆ. ಅಜ್ಜಿ ಡಬ್ಬಿಯ ಮಾಂಸಕ್ಕೆ ಬೈಯುತ್ತ ಬೈಯುತ್ತ ಡಬ್ಬಿ ಖಾಲಿ ಮಾಡುತ್ತಾಳೆ. ನೀನು ಬರೆದ ಕಾಗದ ನಮ್ಮ ಮೂರು ಜೀವ ಉಳಿಸಿತು ಮಗಳೇ. ಬೇಗ ಬಾ.

ನಿನ್ನ ಅಮ್ಮ
ನಾಬೆ


ಕ್ಯೂಶೂ
ಆಗಸ್ಟ್ 2, 1946

ಅಮ್ಮಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನಾನೀಗ ಒಂದು ರೈತರ ಮನೆಯಲ್ಲಿ ಕೆಲಸಕ್ಕಿದ್ದೇನೆ. ಅವರ ದನದ ಕೊಟ್ಟಿಗೆಯಲ್ಲಿ ಕುಳಿತು ಅದನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆದು ಬರೆದು ಹರಿದೆ.

ನಾನು ಹಾಗೆ ಬರೆಯಲೇ ಇಲ್ಲ.

ಸಾಯಬೇಡಿ ಎಂದು ನಾನು ಬರೆಯಲಿಲ್ಲ. ಸಾಯಿರಿ ಎಂದು ಬರೆದೆ. ನಗುನಗುತ್ತ ಎಲ್ಲರೂ ಪ್ರಾಣ ಬಿಡಿ, ನಾನು ಅಳುವುದಿಲ್ಲ ಎಂದು ಬರೆದೆ. ಅಜ್ಜಿಯ ಹೆಸರನ್ನೂ ಯೋಶಿಯನ್ನೂ ಬಿಡಲಿಲ್ಲ. ನಮ್ಮ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದದ್ದನ್ನು ನೋಡಿ ಬರೆದದ್ದು, ಅವರಿಗೀಗ ಅದರ ನೆನಪೂ ಇಲ್ಲ, ಆದರೆ ನಾನು ಇಷ್ಟಪಟ್ಟೇ ಬರೆದೆ. ಹವಾಯಿಯ ಬಗ್ಗೆ ಕೊನೆಯದಾಗಿ ಬರೆದದ್ದು ನಾಚಿಕೆಯಾಗುತ್ತದೆ ಎಂದೇ. ಅಪ್ಪ ನನ್ನ ಬಾಯಿಂದ ಏನು ಕೇಳಬೇಕೆಂದು ಆಸೆಪಟ್ಟಿದ್ದರೋ ಅದನ್ನು ತಾವೇ ಹೇಳಿಕೊಂಡು ಹೊರಗೆ ಹೋದರು.

ಸುಮ್ಮನಿದ್ದುಬಿಡೋಣ ಅನ್ನಿಸಿತ್ತು. ಹೊಗಳಿಸಿಕೊಂಡು ಮನೆಗೆ ಬಂದು, ನಿನ್ನ ಪಕ್ಕದಲ್ಲಿ ಮಲಗಿ, ಜೀವನವಿಡೀ ಒಳ್ಳೆಯ ಮಗಳಾಗಿ ಇರಬಹುದಿತ್ತು. ಆದರೆ ನೀನು ಆ ಮಾತುಗಳನ್ನು ಬಾಯಿಪಾಠ ಮಾಡಿದ್ದೀಯೆ. ನೀನು ಹೇಳುವಾಗಲೆಲ್ಲ ನಾನು ಅಪ್ಪನದ್ದನ್ನು ಕದ್ದಂತಾಗುತ್ತದೆ.

ಮೇಷ್ಟ್ರೇ, ಇದನ್ನು ಇದ್ದ ಹಾಗೆಯೇ ಅಮ್ಮನಿಗೆ ಓದಿ. ಕಾಗದ ಅವಳ ಹತ್ತಿರವೇ ಇದೆಯಲ್ಲ, ಅದನ್ನೂ ಓದಿ. ಆಮೇಲೂ ಬಾ ಎಂದರೆ ಬರುತ್ತೇನೆ. ಬೇಡವೆಂದರೆ ಇಲ್ಲೇ ಇರುತ್ತೇನೆ, ಇಲ್ಲಿಯ ಜನ ಕೆಟ್ಟವರಲ್ಲ.

ತೊಯೊ


ನಿರಾಶ್ರಿತರ ಶಿಬಿರ, ಒಕಿನಾವಾ
ಸೆಪ್ಟೆಂಬರ್ 15, 1946

ತೊಯೊ, ಮಗೂ,

ಇದು ನಿಮ್ಮ ಅಮ್ಮ ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿರುವುದು. ಅವರ ಮಾತನ್ನು ಕೊನೆಗೆ ಸೇರಿಸುತ್ತೇನೆ.

ಮೊದಲು ನನ್ನ ವಿಷಯ. ನಾನೂ ಹದಿನೆಂಟು ವರ್ಷ ಶಾಲೆಯ ಮೇಷ್ಟ್ರು. ನಿನ್ನ ಮೇಷ್ಟ್ರು ಹಲಗೆಯ ಮೇಲೆ ಬರೆದಂಥ ಸಾಲುಗಳನ್ನು ನಾನೂ ಬರೆದಿದ್ದೇನೆ. ನನ್ನ ತರಗತಿಯ ಮಕ್ಕಳೂ ನೋಡಿ ಬರೆದರು. ಅವರಲ್ಲಿ ದೊಡ್ಡವರು ಬರೆದಂತೆಯೇ ನಡೆದುಕೊಂಡರು. ಇಲ್ಲಿ ಮರಳಿನ ಮೇಲೆ ಕಲಿಸುವಾಗ, ತಪ್ಪು ಬರೆದರೆ ಅಂಗೈಯಿಂದ ಅಳಿಸಬಹುದಲ್ಲ ಎಂದು ಸಮಾಧಾನವಾಗುತ್ತದೆ. ನಿನ್ನ ಮೇಷ್ಟ್ರಿಗೆ ನೆನಪಿಲ್ಲದಿರಬಹುದು. ನನಗೆ ಎಲ್ಲ ನೆನಪಿದೆ.

ನಿನ್ನ ಕಾಗದ ಮೊನ್ನೆ ಬಂತು. ಡೇರೆಯ ಮುಂದೆ ನಿಮ್ಮ ಅಮ್ಮ ಬಟ್ಟೆ ಹಿಂಡುತ್ತ, "ಓದಿ ಮೇಷ್ಟ್ರೇ" ಎಂದರು. ಮೊದಲ ಸಾಲುಗಳನ್ನು ಓದಿದೆ. ಮುಂದಿನದ್ದು ಕಣ್ಣಿಗೆ ಬಿದ್ದಾಗ ನಿನ್ನ ಅಪ್ಪನ ದಾರಿಯನ್ನೇ ಹಿಡಿದೆ. "ಅಮ್ಮಾ, ನಿನ್ನನ್ನು ನೋಡಬೇಕೆಂದು ಬಹಳ ಆಸೆಯಾಗಿದೆ, ಇಲ್ಲಿ ಈ ವರ್ಷ ಬತ್ತ ಚೆನ್ನಾಗಿದೆ" ಎಂದು ಏನೋ ಓದತೊಡಗಿದೆ. ನಿನ್ನ ಅಪ್ಪನಷ್ಟು ಚೆನ್ನಾಗಿ ನನಗೆ ಬರಲಿಲ್ಲ. ಅವರು ಬಟ್ಟೆ ಕೆಳಗಿಟ್ಟರು.

"ಮೇಷ್ಟ್ರೇ, ಬತ್ತ ಆಗಸ್ಟಲ್ಲಿ ಇನ್ನೂ ಗದ್ದೇಲಿರ್ತದೆ. ಚೆನ್ನಾಗಿದೆಯೋ ಇಲ್ವೋ ಅವ್ಳಿಗೆ ಹೆಂಗೆ ಗೊತ್ತು? ಇರೋದನ್ನ ಓದಿ."

ಇದ್ದುದನ್ನೇ ಓದಿದೆ. ನಾನು ಮುಗಿಸಿದಾಗ ಅಜ್ಜಿ ಡೇರೆಯೊಳಗೆ ನಿದ್ದೆಯಲ್ಲಿದ್ದರು, ಯೋಶಿ ಹೊರಗೆ ಆಡುತ್ತಿದ್ದ. ನಿಮ್ಮ ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎದ್ದು ಒಳಗೆ ಹೋಗಿ, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿಟ್ಟ ನಿನ್ನ ಹಳೆಯ ಕಾಗದ ತಂದರು. ಆಗ ನನಗೆ ಹೊಳೆಯಿತು. ಎಂಟು ತಿಂಗಳಿಂದ ಪಕ್ಕದ ಡೇರೆಯಲ್ಲಿ ಅಕ್ಷರ ಬಲ್ಲ ನಾನಿದ್ದೇನೆ. ಮಗಳ ಕಾಗದವನ್ನು ಇನ್ನೊಮ್ಮೆ ಓದಿಸಿಕೊಳ್ಳಬೇಕೆಂದು ಈ ತಾಯಿ ಒಂದು ದಿನವೂ ನನ್ನನ್ನು ಕೇಳಿರಲಿಲ್ಲ.

"ಇದನ್ನೂ ಓದ್ಲಾ?" ಎಂದೆ.

"ಬೇಡ."

"ನಿಮಗೆ ಮೊದಲೇ ಗೊತ್ತಿತ್ತಾ?"

ಅವರು ನಕ್ಕರು. ತೊಯೊ, ನಿಮ್ಮ ಅಮ್ಮ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಮೇಷ್ಟ್ರೇ, ಗೋರಿ ಒಳಗೆ ದೀಪದ ಎಣ್ಣೆ ಮುಗ್ದು ನಾಲ್ಕು ದಿನ ಆಗಿತ್ತು. ಬಾಗ್ಲಿಗೆ ಕಲ್ಲು ಎಳ್ಕೊಂಡು ಕೂತಿದ್ವಿ. ಮಗೂನ ತಲೆ ಬಾಚಿದ್ದೂ ಕೈಯಿಂದ ಮುಟ್ಟಿ ಮುಟ್ಟಿ. ಅಂಥ ಕತ್ಲಲ್ಲಿ ಈ ಮನುಷ್ಯ ಕಾಗ್ದ ಬಿಚ್ಚಿ ಸರಾಗ ಓದ್ತಾನೆ! ಕಾಗ್ದ ತಿರುಗಿಸೋ ಸದ್ದು ಬೇರೆ ಮಾಡ್ದ. ಅತ್ತೆಗೆ ವಯಸ್ಸಾಗಿದೆ, ಅವ್ರು ನಂಬಿದ್ರು. ನಾನು ಹದಿನಾರು ವರ್ಷ ಅವನ ಜೊತೆ ಬಾಳ್ವೆ ಮಾಡಿದೋಳು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅವನಿಗೆ ನಾವು ಬದುಕೋದು ಬೇಕಿತ್ತು. ಅದನ್ನ ತನ್ನ ಬಾಯಲ್ಲಿ ಹೇಳಿದ್ರೆ ಹೇಡಿ ಅನ್ನಿಸ್ಕೋಬೇಕು. ಅತ್ತೆ ಕೇಳ್ತಿರ್ಲಿಲ್ಲ, ನಾನೂ ಕೇಳ್ತಿರ್ಲಿಲ್ಲ. ಮಗು ಹೆಸ್ರಲ್ಲಿ ಹೇಳ್ದ. ಸುಳ್ಳು ಅಂತ ಗೊತ್ತಿದ್ದೂ ನಂಗೆ ಅದನ್ನ ನಂಬೋ ಆಸೆ ಆಯ್ತು. ಅದೇ ಆಸೆ ಹಿಡ್ಕೊಂಡು ಎದ್ದು ನಿಂತೆ."

ಆಮೇಲೆ ಅವರು ನಿನ್ನ ಹಳೆಯ ಕಾಗದವನ್ನು ಬಟ್ಟೆ ಕುದಿಸುವ ಒಲೆಗೆ ಹಾಕಿದರು. ನಾನು ತಡೆಯಲಿಲ್ಲ. ಅದರಲ್ಲಿ ನಿನ್ನ ತಂದೆಯ ರಕ್ತದ ಕಲೆ ಇತ್ತು, ತಡೆಯಬೇಕಿತ್ತೋ ಏನೋ.

ಅವರು ನಿನಗೆ ಹೇಳಿದ ಮಾತು ಇದು, ಹೇಳಿದ ಹಾಗೆಯೇ ಬರೆದಿದ್ದೇನೆ: "ಏ ಹುಚ್ಚಿ, ಹನ್ನೆರಡು ವರ್ಷದ ಮಗು ಕೈಗೆ ಯಾರೋ ಬಂಡೆ ಕೊಟ್ಟು ಎಸಿ ಅಂದ್ರು, ಎಸ್ದೆ. ನಿಮ್ಮಪ್ಪ ಅದನ್ನ ನಮ್ಮ ಮೇಲೆ ಬೀಳೋಕೆ ಬಿಡ್ಲಿಲ್ಲ. ನಿಜ ಬರ್ದು ಕಳಿಸಿದೀಯಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಂಗೆ ಗೊತ್ತು. ಆದ್ರೆ ಬೇಡ ಅಂದ್ರೆ ಅಲ್ಲೇ ಇರ್ತೀನಿ ಅಂತ ಬರ್ದಿದೀಯಲ್ಲ, ಅದಕ್ಕೆ ಮಾತ್ರ ಬಂದ್ಮೇಲೆ ಎರಡು ಬಿಗೀತೀನಿ."

ಚಿನೆನ್ ಸೆಯ್ಕೊ


ಕ್ಯೂಶೂ, ಬಂದರು
ನವೆಂಬರ್ 20, 1946

ಅಮ್ಮಾ,

ಹಡಗಿಗೆ ಇನ್ನೂ ನಾಲ್ಕು ದಿನ ಕಾಯಬೇಕು. ಇಂದೇ ಹೊರಡುವ ಒಬ್ಬರು ಇದನ್ನು ತರುತ್ತಾರೆ. ನನಗಿಂತ ಮೊದಲು ಇದು ತಲುಪಲಿ.

ಅಮ್ಮಾ, ಯಾರು ಏನೇ ಹೇಳಿದರೂ ಸಾಯಬೇಡ. ನಾನು ಬಂದು ಬಾಗಿಲು ತೆರೆ ಎನ್ನುತ್ತೇನೆ, ಡೇರೆಗೆ ಬಾಗಿಲು ಇಲ್ಲದಿದ್ದರೂ ಎನ್ನುತ್ತೇನೆ. ಯೋಶಿಗೆ ನಾನು ಅಕ್ಷರ ಕಲಿಸುತ್ತೇನೆ, ಅಷ್ಟರೊಳಗೆ ಮೇಷ್ಟ್ರು ಎಲ್ಲವನ್ನೂ ಕಲಿಸಿ ಮುಗಿಸದಿರಲಿ. ಅಜ್ಜಿ, ನನ್ನ ಕೂದಲು ಸ್ವಲ್ಪ ಉದುರಿದೆ. ಅಪ್ಪ, ನೀವು ಹವಾಯಿಯಲ್ಲಿದ್ದಿರಿ, ಅಲ್ಲಿಯ ಗಂಜಿ ಕುಡಿದು ಬದುಕಿದಿರಿ, ನಾನು ನಿಮ್ಮ ಮಗಳು. ನನಗೆ ನಾಚಿಕೆಯಿಲ್ಲ.

ಇದನ್ನು ನಾನೇ ಬರೆದಿದ್ದೇನೆ.

ಮೇಷ್ಟ್ರೇ, ಇದನ್ನು ಹಗಲು ಹೊತ್ತಿನಲ್ಲಿ ಓದಿ. ಡೇರೆಯಿಂದ ಹೊರಗೆ, ಅಮ್ಮನಿಗೆ ಕಾಗದ ಕಾಣುವ ಹಾಗೆ ಹಿಡಿದು ಓದಿ.

ತೊಯೊ